ಊರಿಗೆಲ್ಲ ಹಾಡಿದ ಪ್ಲೇಟು

ಸಂಗ್ರಹಕಾರರ ಲೋಕದಲ್ಲಿ ಗೀರಿಲ್ಲದ ಪ್ಲೇಟಿಗೇ ಬೆಲೆ. ಕೊಪ್ಪಳದ ಹತ್ತಿರದ ಹಿಟ್ನಾಳದ ಸುತ್ತಮುತ್ತ ಸಿಗುವುದೆಲ್ಲ ಗೀರಿನವೇ! ಜಾತ್ರೆ, ಮದುವೆ, ಮೆರವಣಿಗೆ ಸುತ್ತಿ ಸವೆದ ಏಳಿಂಚಿನ ಹಾಡುಗಳ ಬೆನ್ನು ಹತ್ತಿದವನ ತಿರುಗಾಟ ಇದು.

ಹೊರಸಿನ ಕೆಳಗಿಂದ ಟ್ರಂಕು ಎಳೆದಾಗ ಮೊದಲು ಹೊರಬಂದದ್ದು ಹಾಡಲ್ಲ, ಜಿರಳೆ. ಆಮೇಲೆ ನುಸಿಗುಳಿಗೆಯ ವಾಸನೆ. ಆಮೇಲೆ ಒಂದು ಹಳೆಯ ಲುಂಗಿ, ಅದರೊಳಗೆ ಸುತ್ತಿಟ್ಟ 28 ಪ್ಲೇಟು.

ಏಪ್ರಿಲ್ ತಿಂಗಳ ಮಧ್ಯಾಹ್ನ. ಹಿಟ್ನಾಳ ಟೋಲಿನ ಕಡೆಯಿಂದ ಲಾರಿಗಳು ಗೇರು ಬದಲಿಸುವ ಸದ್ದು. ಒಳಗೆ ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿತ್ತು. ಮಾಮಾ ಒಂದು ಪ್ಲೇಟು ತೆಗೆದು, ಬೆರಳು ತಾಗದಂತೆ ಎರಡೂ ಅಂಗೈ ನಡುವೆ ಅಂಚಿಗೆ ಹಿಡಿದು, ಕಿಟಕಿಯ ಬೆಳಕಿಗೆ ಓರೆ ಮಾಡಿದ.

"ಇದು ಹುಲಿಗಿ ಜಾತ್ರ್ಯಾಗ ಕೈತಪ್ಪಿ ಬಿದ್ದದ್ದು. ಇದು ಇರಕಲ್ಲಗಡದ ಮದಿವ್ಯಾಗ ಕುಡುದಾಂವ ಒಬ್ಬಾಂವ ಮುಳ್ಳು ಎಳದದ್ದು. ಇದು ಮಾತ್ರ ನಂದ ತಪ್ಪು, ತಮ್ಮಾ."

ಒಂದೊಂದು ಗೀರಿಗೂ ಅವನ ಹತ್ತಿರ ಒಂದೊಂದು ಊರಿನ ವಿಳಾಸವಿತ್ತು.

ಅವನು ನನ್ನ ಸೋದರಮಾವ. 1970ರ ದಶಕದಲ್ಲಿ ಈ ಭಾಗದ ಮೈಕ್‌ಸೆಟ್ಟಿನವ. ಈಗ ವಯಸ್ಸು 78. ಅದೂ ಒಂದು ಪ್ಲೇಟಿನ ವೇಗವೇ ಅಲ್ಲವೇ ಎಂದು ನಾನು ನಗೆಯಾಡಿದೆ. ಅವನಿಗೆ ನಗು ಬರಲಿಲ್ಲ.

ಇದೇ ಏಪ್ರಿಲ್‌ನಲ್ಲಿ ಅಮೆರಿಕ, ಯುರೋಪುಗಳ ಪೇಟೆಗಳಲ್ಲಿ ಜನ ಬೆಳಗಿನ ಜಾವವೇ ಅಂಗಡಿ ಮುಂದೆ ಸಾಲು ನಿಲ್ಲುತ್ತಾರೆ. 2008ರಲ್ಲಿ ಶುರುವಾದ 'ರೆಕಾರ್ಡ್ ಸ್ಟೋರ್ ಡೇ' ಎಂಬ ಅವರ ಜಾತ್ರೆ ಅದು. 2022ರಲ್ಲಿ ಅಮೆರಿಕದಲ್ಲಿ 4.1 ಕೋಟಿ ವಿನೈಲ್ ಪ್ಲೇಟು ಮಾರಾಟವಾದವು, ಸಿ.ಡಿ. 3.3 ಕೋಟಿ. ಪ್ಲೇಟು ಸಿ.ಡಿ.ಯನ್ನು ಹಿಂದೆ ಹಾಕಿದ್ದು 1987ರ ನಂತರ ಅದೇ ಮೊದಲು. ಸತ್ತಿತು ಎಂದು ಮಣ್ಣು ಮಾಡಿ ಬಂದವರ ಮನೆಗೇ ಪ್ಲೇಟು ಊಟಕ್ಕೆ ಬಂದು ಕೂತಿದೆ. ಹಾಗಾದರೆ ನಮ್ಮ ಕಡೆಯ ಪ್ಲೇಟುಗಳೆಲ್ಲ ಎಲ್ಲಿ ಹೋದವು? ಆ ಪ್ರಶ್ನೆಯೇ ನನ್ನನ್ನು ಮಾಮಾನ ಹೊರಸಿನ ಕೆಳಗೆ ಬಗ್ಗಿಸಿದ್ದು.

ಬೇವಿನ ಮರ, ಎರಡು ಹಾರ್ನು

ಇಂಗ್ಲೆಂಡಿನ ಹುಡುಗನೊಬ್ಬ 1960ರ ದಶಕದಲ್ಲಿ ಪಾಪ್ ಸಿಂಗಲ್ ಕೊಂಡರೆ ಅದು ಅವನ ಕೋಣೆಯ ಆಸ್ತಿ. ಬಾಗಿಲು ಹಾಕಿಕೊಂಡು ಒಬ್ಬನೇ ಕೇಳುತ್ತಿದ್ದ. ನಮ್ಮಲ್ಲಿ ಕೋಣೆ ಎಲ್ಲಿತ್ತು, ಬಾಗಿಲು ಎಲ್ಲಿತ್ತು? ಪ್ಲೇಟು ಕೊಂಡವನು ಒಬ್ಬ, ಕೇಳಿದ್ದು ಊರು.

ಮಾಮಾನ ಸಾಮಾನು ಇಷ್ಟು. ಒಂದು ಅಹುಜಾ ಆಂಪ್ಲಿಫೈಯರು, ಎರಡು ಹಾರ್ನು, ಒಂದು ಕಾರಿನ ಬ್ಯಾಟರಿ, ಒಂದು ಪ್ಲೇಯರು, ಒಂದು ಟ್ರಂಕು ಪ್ಲೇಟು. ಚಕ್ಕಡಿಯಲ್ಲಿ ಹೇರಿಕೊಂಡು ಹೋಗಿ ಬೇವಿನ ಮರದ ಎತ್ತರದ ಟೊಂಗೆಗೆ ಹಾರ್ನು ಬಿಗಿಯುವುದು. ಒಂದು ಮುಖ ಊರ ಕಡೆ, ಇನ್ನೊಂದು ಹೊಲದ ಕಡೆ. ಹೊಲದ ಕಡೆ ಯಾಕೆ? "ಮದಿವಿಗೆ ಬರದವ್ರಿಗೂ ಗೊತ್ತಾಗಬೇಕಲ್ಲ" ಎಂದ.

ಯಾವ ಹೊತ್ತಿಗೆ ಯಾವ ಪ್ಲೇಟು ಎಂಬುದಕ್ಕೆ ಶಾಸ್ತ್ರವಿತ್ತು. ನಸುಕಿನಲ್ಲಿ ದೇವರ ಹಾಡು. ಅರಿಶಿಣ ಹಚ್ಚುವಾಗ ಯುಗಳಗೀತೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಪ್ಲೇಟು ಬಂದ್, ಊದುವವರು ಬಾರಿಸುವವರ ಸರದಿ. ಊಟದ ಪಂಕ್ತಿಗೆ ಕುಣಿಸುವ ಹಾಡು. ಹೆಣ್ಣು ಒಪ್ಪಿಸುವಾಗ ಎದೆ ಕಲಕುವಂಥದ್ದು. ಅದನ್ನು ಹಾಕುವ ಮುಂಚೆ ಹುಡುಗಿಯ ತಂದೆಯ ಮುಖ ನೋಡುತ್ತಿದ್ದನಂತೆ. ಈಗಾಗಲೇ ಅಳುತ್ತಿದ್ದರೆ ಹಾಕುತ್ತಿರಲಿಲ್ಲ. ಇಂದಿನ ಡಿ.ಜೆ.ಗಳಿಗೆ ಈ ಕಲೆ ಒಂದಿಷ್ಟು ಬಂದರೂ ಸಾಕಿತ್ತು.

ಮಾಮಾ ಒಪ್ಪಿಕೊಂಡ ಆ ತಪ್ಪು ಯಾವುದು? ಆಗಿನ ಪ್ಲೇಯರಿನ ತಲೆಯಲ್ಲಿ ಎರಡು ಮುಳ್ಳು ಇರುತ್ತಿದ್ದವು, ಬೆನ್ನಿಗೆ ಬೆನ್ನು ಹಚ್ಚಿಕೊಂಡು. ಒಂದು 78 ಸುತ್ತಿನ ಪ್ಲೇಟಿನ ದಪ್ಪ ಗೆರೆಗೆ, ಇನ್ನೊಂದು 45 ಸುತ್ತಿನದರ ಸಣ್ಣ ಗೆರೆಗೆ. ಪುಟ್ಟ ಹಿಡಿಕೆ ತಿರುವಿದರೆ ಬದಲಾಗುತ್ತಿತ್ತು. ದಪ್ಪ ಮುಳ್ಳಿನ ತುದಿ ಸಣ್ಣದರ ಸುಮಾರು ಮೂರು ಪಟ್ಟು. ಒಂದು ರಾತ್ರಿ, ಗ್ಯಾಸ್‌ಬತ್ತಿಯ ಬೆಳಕಿನಲ್ಲಿ, ನಿದ್ದೆಗಣ್ಣಿನಲ್ಲಿ, ತಿರುವುವುದು ಮರೆತ. ಹೊಸ ಪ್ಲೇಟು ನೇಗಿಲು ಹೊಡೆದ ಹೊಲವಾಯಿತು.

ಮದ್ರಾಸು, ಡಂಡಂ, ಹಿಟ್ನಾಳ

ಪಾಪ್ ಹಾಡೆಂದರೆ ನಮ್ಮಲ್ಲಿ ಸಿನಿಮಾ ಹಾಡೇ. ಅದರ ಪಯಣ ನೆನೆದರೆ ಸೋಜಿಗವಾಗುತ್ತದೆ. ಕನ್ನಡದ ಹಾಡು, ಆದರೆ ಬಹುಪಾಲು ಧ್ವನಿಮುದ್ರಣ ಮದ್ರಾಸಿನ ಸ್ಟುಡಿಯೋಗಳಲ್ಲಿ. ಜಿ.ಕೆ. ವೆಂಕಟೇಶ್ ಅವರ ವಾದ್ಯವೃಂದದಲ್ಲಿ ಸಹಾಯಕನಾಗಿ ಗಿಟಾರು ಹಿಡಿದು ಕೂತಿದ್ದ ತರುಣನೇ ಮುಂದಿನ ಇಳಯರಾಜ. 'ನಾಯಿ ಮಾರ್ಕಿನ' ಎಚ್.ಎಂ.ವಿ. ಕಂಪನಿ ಆ ಹಾಡನ್ನು ಕಲ್ಕತ್ತೆಯ ಡಂಡಂ ಕಾರ್ಖಾನೆಯಲ್ಲಿ ಪ್ಲೇಟಿಗೆ ಒತ್ತುತ್ತಿತ್ತು. ಅಲ್ಲಿಂದ ಹುಬ್ಬಳ್ಳಿ ಪೇಟೆ. ಹುಬ್ಬಳ್ಳಿಯಿಂದ ಮಾಮಾನ ಟ್ರಂಕು. ಇಷ್ಟು ಊರು ಸುತ್ತಿ ಬಂದ ಹಾಡಿಗೆ ಕೊನೆಯ ನಿಲ್ದಾಣ ಬೇವಿನ ಮರ.

1967ರಲ್ಲಿ 'ಬೆಳ್ಳಿಮೋಡ' ಬಂತು. ಬೇಂದ್ರೆಯವರ ಕವಿತೆಗೆ ವಿಜಯಭಾಸ್ಕರ್ ರಾಗ ಹಾಕಿದ್ದು ಮೈಕಿನಲ್ಲಿ ಮೊಳಗಿತು. ಶಾಲೆ ಮೆಟ್ಟಿಲು ಹತ್ತದವರ ಬಾಯಲ್ಲೂ ಬೇಂದ್ರೆ. ಅದೇ ವರ್ಷ 'ನಕ್ಕರೆ ಅದೇ ಸ್ವರ್ಗ' ಚಿತ್ರದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಎಂಬ ಹೊಸ ಹುಡುಗನಿಂದ ಎಂ. ರಂಗರಾವ್ ಕನ್ನಡದಲ್ಲಿ ಹಾಡಿಸಿದರು. 1974ರ 'ಸಂಪತ್ತಿಗೆ ಸವಾಲ್' ಆದಮೇಲೆ ರಾಜಕುಮಾರ್ ತಮ್ಮ ದನಿಯಲ್ಲೇ ಹಾಡತೊಡಗಿದರು. "ಆ ಪ್ಲೇಟು ಒಂದ ಮದಿವ್ಯಾಗ ಹನ್ನೊಂದು ಸರ್ತಿ ಹಾಕೇನಿ" ಎಂದ ಮಾಮಾ. ಅದರಲ್ಲಿ ಈಗ ಹಾಡಿಗಿಂತ ಹುರಿಗಡಲೆ ಹುರಿಯುವ ಸದ್ದೇ ಹೆಚ್ಚು.

1978ರ 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರದಲ್ಲಿ ರಾಜಕುಮಾರ್ ಇಂಗ್ಲಿಷ್ ಹಾಡನ್ನೇ ಹಾಡಿದರು. ಕನ್ನಡದ ಪಾಪ್ ಪ್ಲೇಟು ಹುಡುಕುವವರಿಗೆ ಅದು ಹುಲಿಬೇಟೆ. ಹಿಟ್ನಾಳದ ಮದುವೆಗಳಲ್ಲಿ ಅದನ್ನು ಹಾಕಿದಾಗ ಜನ ಏನಂದರು ಎಂದು ಕೇಳಿದೆ. "ಅಣ್ಣಾವ್ರು ಹಾಡ್ಯಾರಂದಮ್ಯಾಲೆ ಅದೂ ಕನ್ನಡನ" ಎಂಬ ಉತ್ತರ ಬಂತು.

ಚೌಕಟ್ಟು: ಮೂರು ವೇಗ

78 ಸುತ್ತು: ನಿಮಿಷಕ್ಕೆ 78 ಸಲ ತಿರುಗುವ, ಸಾಮಾನ್ಯವಾಗಿ ಹತ್ತಿಂಚಿನ ಪ್ಲೇಟು. ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ಅರಗಿನದು, ಬಿದ್ದರೆ ಹಂಚಿನಂತೆ ಒಡೆಯುತ್ತದೆ.

33⅓ ಸುತ್ತು: ಅಮೆರಿಕದ ಕೊಲಂಬಿಯಾ ಕಂಪನಿ 1948ರಲ್ಲಿ ತಂದ ಎಲ್.ಪಿ. ಹನ್ನೆರಡಿಂಚು.

45 ಸುತ್ತು: ಆರ್.ಸಿ.ಎ. ವಿಕ್ಟರ್ 1949ರ ಮಾರ್ಚ್ 31ರಂದು ಬಿಟ್ಟ ಏಳಿಂಚು. ಮಗ್ಗುಲಿಗೊಂದೇ ಹಾಡಿದ್ದರೆ ಸಿಂಗಲ್. ಆರಂಭದಲ್ಲಿ ಒಂದೊಂದು ಬಗೆಯ ಸಂಗೀತಕ್ಕೆ ಒಂದೊಂದು ಬಣ್ಣದ ಪ್ಲೇಟು ಬರುತ್ತಿತ್ತು. ಅಮೆರಿಕದ್ದಕ್ಕೆ ನಡುವೆ ದೊಡ್ಡ ತೂತು, ನಮ್ಮದಕ್ಕೆ ಸಣ್ಣದು. ನಮ್ಮಲ್ಲಿ ಹೆಚ್ಚು ಓಡಿದ್ದು ಇದರದೇ ತಮ್ಮ, ಇ.ಪಿ. ಗೆರೆಗಳನ್ನು ಒತ್ತೊತ್ತಾಗಿ ಕೂರಿಸಿ ಮಗ್ಗುಲಿಗೆರಡರಂತೆ ನಾಲ್ಕು ಹಾಡು. ಕೊಟ್ಟ ದುಡ್ಡಿಗೆ ಇಮ್ಮಡಿ ಹಾಡು ಸಿಗುವಾಗ ಸಿಂಗಲ್ ಯಾರಿಗೆ ಬೇಕು?

ಗದಗಿನ ಅಂಗಡಿ ಮುಂದೆ ನಿಂತ ಹುಡುಗ

ಪ್ಲೇಟು ಎಂಬುದು ಈ ಸೀಮೆಗೆ ಹೊಸದಲ್ಲ. ಮೈಕ್‌ಸೆಟ್ಟಿಗಿಂತ ಮುಂಚೆ ಕೀಲಿ ಕೊಡುವ ಗ್ರಾಮಫೋನು ಇತ್ತು. ನಿಜಾಮನ ಆಳ್ವಿಕೆಯ ಕೊಪ್ಪಳದ ಹಳ್ಳಿಗಳಲ್ಲಿ ಕರೆಂಟು ಕಾಣುವ ಮೊದಲೇ ಗೌಡರ ಪಡಸಾಲೆಯಲ್ಲಿ ಹಾಡು ಕೇಳಿತ್ತು.

ಹಿಟ್ನಾಳದಿಂದ ಪಡುವಣಕ್ಕೆ ರಸ್ತೆ ಹಿಡಿದರೆ ಕೊಪ್ಪಳ ದಾಟಿ ಗದಗು. ಅಲ್ಲಿ ಬೆಳೆದ ಒಬ್ಬ ಹುಡುಗ, ಅಂಗಡಿಯಲ್ಲಿ ಹಾಕಿದ್ದ ಅಬ್ದುಲ್ ಕರೀಂ ಖಾನರ ಪ್ಲೇಟಿಗೆ ಮರುಳಾಗಿ ನಿಂತ. ಝಿಂಜೋಟಿಯ ಠುಮ್ರಿ. ಹಾಗೆ ಹಾಡಲು ಕಲಿಯಬೇಕೆಂದು 1933ರಲ್ಲಿ, 11ರ ವಯಸ್ಸಿನಲ್ಲಿ, ಮನೆ ಬಿಟ್ಟು ಓಡಿದ. ಅವನೇ ಭೀಮಸೇನ ಜೋಶಿ. 1942ರಲ್ಲಿ ಅದೇ ನಾಯಿ ಮಾರ್ಕಿನ ಕಂಪನಿ ಅವರ ಪ್ಲೇಟನ್ನೂ ಹೊರತಂದಿತು. ಮೂರು ನಿಮಿಷದ ಹಾಡು ಒಬ್ಬನ ಮೇಲೆ ಮಾಡಿದ ಪರಿಣಾಮಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಯಾವ ದೇಶದ ಸಂಗ್ರಹಕಾರನ ಹತ್ತಿರವೂ ಇರಲಿಕ್ಕಿಲ್ಲ.

ಆ ಕಾಲದ ಪ್ಲೇಟುಗಳ ಮೇಲಿನ ಹೆಸರು ಓದುವುದೂ ಒಂದು ಮೋಜು. 'ಗಾಂಧಾರಿ' ಎಂದಿದ್ದರೆ ಅದು ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್. 'ಅಮೀರಬಾಯಿ ಕರ್ನಾಟಕಿ' ಎಂದಿದ್ದರೆ ಬೀಳಗಿಯವರು. 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ಇಡೀ ದೇಶಕ್ಕೇ ಅವರ ದನಿ ಪರಿಚಯವಾಯಿತು. ಭಾರತದಲ್ಲಿ ಮೊತ್ತಮೊದಲ ತಲೆಮಾರಿನ ಪ್ಲೇಟಿಗೆ 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನ್ ಕೊನೆಯುಸಿರೆಳೆದದ್ದೂ ನಮ್ಮ ಮೈಸೂರಿನಲ್ಲೇ, 1930ರ ಜನವರಿ 17ರಂದು. ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಕೂಗಿ ಹೇಳುತ್ತಿದ್ದರು. ಠಸ್ಸೆಗಾಗಿ ಅಲ್ಲ. ಆಗ ಪ್ಲೇಟು ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾರ ಹಾಡೆಂದು ತಿಳಿದು ಚೀಟಿ ಅಂಟಿಸಬೇಕಲ್ಲ!

ಬೆಂಗಳೂರು ಹುಡುಗನ ಹಿಮ್ಮಗ್ಗುಲು

ಲೋಕದ ಪಾಪ್ ಸಿಂಗಲ್‌ಗಳ ಚರಿತ್ರೆಯಲ್ಲಿ ಕರ್ನಾಟಕಕ್ಕೆ ಒಂದು ದೊಡ್ಡ ಪಾಲಿದೆ. ನಾವೇ ಅದನ್ನು ಮರೆತಿದ್ದೇವೆ.

ಕೊಡವ ಮನೆತನದ, ಬೆಂಗಳೂರಿನಲ್ಲಿ ಬೆಳೆದ ಬಿದ್ದು ಅಪ್ಪಯ್ಯ ಗಿಟಾರು ಹೆಗಲಿಗೇರಿಸಿಕೊಂಡು 1960ರ ದಶಕದಲ್ಲಿ ಲಂಡನ್ ಸೇರಿದ. 1974ರಲ್ಲಿ ಕಾರ್ಲ್ ಡಗ್ಲಸ್ ಎಂಬ ಗಾಯಕನಿಂದ ಒಂದು ಸಿಂಗಲ್ ಹಾಡಿಸುತ್ತಿದ್ದ. ಮುಮ್ಮಗ್ಗುಲಿನ ಹಾಡಿಗೇ ಸ್ಟುಡಿಯೋದ ಹೊತ್ತೆಲ್ಲ ಕಳೆಯಿತು. ಹಿಮ್ಮಗ್ಗುಲು ಖಾಲಿ ಬಿಡುವಂತಿಲ್ಲ. ಉಳಿದ ಹತ್ತು ನಿಮಿಷದಲ್ಲಿ ಏನೋ ಒಂದನ್ನು ತುಂಬಿದರು. ಕುಂಗ್ ಫೂ ಕುರಿತ ಒಂದು ತಮಾಷೆ ಹಾಡು.

ಪೈ ಎಂಬ ಪ್ಲೇಟು ಕಂಪನಿಯವರು ಎರಡೂ ಕೇಳಿ, ಹಿಂದಿನದನ್ನು ಮುಂದೆ ಮಾಡಿ ಎಂದರು. 'ಕುಂಗ್ ಫೂ ಫೈಟಿಂಗ್' ಆ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ, ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಕೋಟಿಗೂ ಮಿಕ್ಕಿ ಮಾರಾಟವಾದ ಸಿಂಗಲ್ ಎಂದು ಅದರ ಹೆಸರು. 1980ರಲ್ಲಿ 'ಕುರ್ಬಾನಿ'ಗಾಗಿ ನಾಜಿಯಾ ಹಸನ್ ಹಾಡಿದ, ಊರೂರ ಮೈಕಿನಲ್ಲಿ ಕುಣಿದ ಹಾಡಿಗೆ ರಾಗ ಹಾಕಿದವನೂ ಇದೇ ಬಿದ್ದು.

ಮಾಮಾನ ಟ್ರಂಕಿನಲ್ಲಿ 'ಕುರ್ಬಾನಿ' ಇತ್ತು. ಅದನ್ನು ಮಾಡಿದವ ನಮ್ಮ ಬೆಂಗಳೂರಿನವ ಎಂದೆ. "ಹೌದೇನ? ಮೊದಲ ಗೊತ್ತಿದ್ರ ಅನೌನ್ಸ್ ಮಾಡ್ತಿದ್ನೆಲ್ಲೋ" ಎಂದು ನಿಜಕ್ಕೂ ನೊಂದುಕೊಂಡ.

ಲಿವರ್‌ಪೂಲಿನವರು ಹುಡುಕುವ ಕಲ್ಕತ್ತೆಯ ಪ್ಲೇಟು

ನಾವು ಹಿಂದುಳಿದದ್ದೇ ಒಂದು ಕಡೆ ಲಾಭವಾಯಿತು. ಪಶ್ಚಿಮದಲ್ಲಿ 78ರ ಪ್ಲೇಟು 1960ರ ಹೊತ್ತಿಗೇ ನಿಂತುಹೋಯಿತು. ನಮ್ಮಲ್ಲಿ ಕೀಲಿ ಕೊಡುವ ಯಂತ್ರಗಳು ಲಕ್ಷಗಟ್ಟಲೆ ಮನೆಗಳಲ್ಲಿದ್ದವು, ಕರೆಂಟು ಇರಲಿಲ್ಲ. ಹಾಗಾಗಿ ಡಂಡಂ ಕಾರ್ಖಾನೆ ಆ ದಶಕದ ನಡುಭಾಗದಲ್ಲೂ 78ನ್ನೇ ಒತ್ತುತ್ತಿತ್ತು. ಬೀಟಲ್ಸ್ ಹಾಡುಗಳನ್ನೂ!

ಬೀಟಲ್ಸ್ ಮತ್ತು ಅರಗಿನ ಪ್ಲೇಟು! ಎತ್ತಿನ ಗಾಡಿಗೆ ರಾಕೆಟ್ ಕಟ್ಟಿದಂತೆ. ಇಂದು ಆ ಭಾರತೀಯ 78ಗಳಿಗಾಗಿ ಇಂಗ್ಲೆಂಡಿನ ಸಂಗ್ರಹಕಾರರು ಗಂಟು ಬಿಚ್ಚುತ್ತಾರೆ. ಅರಗು ಕೂಡ ನಮ್ಮ ಕಾಡಿನ ಹುಳುವಿನದೇ. ಜಗತ್ತಿನ 78ರ ಪ್ಲೇಟುಗಳಿಗೆಲ್ಲ ಅರಗು ಹೋಗುತ್ತಿದ್ದುದು ಹೆಚ್ಚಾಗಿ ಭಾರತದಿಂದ. ಹಿಟ್ನಾಳ, ಗಿಣಿಗೇರಾ, ಮುನಿರಾಬಾದ್ ಎಲ್ಲ ಜಾಲಾಡಿದೆ. ಬೀಟಲ್ಸ್ ಸಿಗಲಿಲ್ಲ. ಸಿಕ್ಕಿದ್ದು 78ರ ಒಂದು ಪ್ಲೇಟು, ಉಪ್ಪಿನಕಾಯಿ ಭರಣಿಯ ಮುಚ್ಚಳವಾಗಿ.

ಚೌಕಟ್ಟು: ಒಂದಕ್ಷರದ ಬೆಲೆ

1962ರ ಅಕ್ಟೋಬರ್‌ನಲ್ಲಿ ಬೀಟಲ್ಸ್‌ನ ಮೊದಲ ಸಿಂಗಲ್ 'ಲವ್ ಮಿ ಡೂ' ಬರುವ ಮುಂಚೆ ರೇಡಿಯೋದವರಿಗೆಂದು 250 ಪ್ರತಿ ಒತ್ತಿದರು. ಚೀಟಿಯಲ್ಲಿ ಮೆಕಾರ್ಟ್ನಿ ಹೆಸರಿನ ಒಂದಕ್ಷರ ತಪ್ಪಿತು. ಆ ತಪ್ಪಿನ ಪ್ರತಿ ಇಂದು ಲೋಕದ ದುಬಾರಿ ಏಳಿಂಚುಗಳಲ್ಲಿ ಒಂದು.

'ಗುಡ್' ಅಂದರೆ ಕೆಟ್ಟದ್ದು

ಸಂಗ್ರಹಕಾರರದ್ದು ಬೇರೆಯೇ ಭಾಷೆ. ಪ್ಲೇಟಿನ ಸ್ಥಿತಿಗೆ ಅವರು ದರ್ಜೆ ಕೊಡುತ್ತಾರೆ: ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್, ಗುಡ್, ಫೇರ್, ಪೂರ್. ಹೊಸಬರು ಬೀಳುವುದು ಇಲ್ಲೇ. 'ಗುಡ್' ಅಂದರೆ ಚೆನ್ನಾಗಿದೆ ಎಂದಲ್ಲ, ಚರಚರ ಸದ್ದಿನ ನಡುವೆ ಹಾಡು ಹೇಗೋ ಕೇಳಿಸುತ್ತದೆ ಎಂದು. ನಾನೂ ಬಿದ್ದಿದ್ದೇನೆ. ಆನ್‌ಲೈನಿನಲ್ಲಿ 'ವೆರಿ ಗುಡ್' ಎಂದು ತರಿಸಿದ ಇ.ಪಿ. ಹಪ್ಪಳದಂತೆ ಬಾಗಿ ಬಂದಿತ್ತು. ಮುಳ್ಳು ಅದರ ಮೇಲೆ ಎತ್ತು ಓಡಿದಂತೆ ಓಡಿತು.

ಹಾಗಾಗಿ ಕಣ್ಣಾರೆ ನೋಡಿಯೇ ಕೊಳ್ಳಬೇಕು. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ಬೆಳಿಗ್ಗೆ ಬೇಗ ಹೋದರೆ ಒಮ್ಮೊಮ್ಮೆ ಅದೃಷ್ಟ. ಹೊಸಪೇಟೆಯ ಗುಜರಿಯೊಂದರಲ್ಲಿ ನನಗೆ ಐದು ಪ್ಲೇಟು ಹಳೆಯ ಪ್ರೆಷರ್ ಕುಕ್ಕರಿನೊಳಗೆ ಸಿಕ್ಕವು. ತೂಕಕ್ಕೆ ಹಾಕಿದ. ಚಿತ್ರದ ಕವರು ಇದ್ದ ಒಂದಕ್ಕೆ ಮಾತ್ರ ಹತ್ತು ರೂಪಾಯಿ ಹೆಚ್ಚಿಗೆ ಕೇಳಿದ, ಅದರ ಮೇಲೆ ರಾಜಕುಮಾರ್ ಇದ್ದರೆಂದು. ಆ ಗುಜರಿಯವನಿಗೆ ಸಂಗ್ರಹದ ಮೂಲಪಾಠ ಗೊತ್ತಿತ್ತು. ಬೆಲೆಯ ಅರ್ಧ ಕವರಿನಲ್ಲಿದೆ.

ಲೋಕದ ದರ್ಜೆಯ ಪ್ರಕಾರ ಮಾಮಾನ 28ರಲ್ಲಿ 26 'ಪೂರ್'. ಉಳಿದೆರಡು ಯಾರೂ ಕೇಳದ ಹಾಡಿನವು, ಅದಕ್ಕೇ ಹೊಸದರಂತಿವೆ. ನನಗೆ ಈ ದರ್ಜೆಯ ಮೇಲೆಯೇ ಅನುಮಾನ ಬಂದದ್ದು ಆಗ. ಹೊಳೆಯುವ ಪ್ಲೇಟು ಎಂದರೆ ಯಾರಿಗೂ ಬೇಡವಾದ ಪ್ಲೇಟು. ಅದಕ್ಕೆ ಹೆಚ್ಚು ಬೆಲೆ ಕಟ್ಟುವುದು ಉಡದ ಸೀರೆಗೆ, ಉಣ್ಣದ ತಾಟಿಗೆ ಬೆಲೆ ಕಟ್ಟಿದಂತೆ.

ಚೌಕಟ್ಟು: ಬಿಸಿಲೂರಿನವರಿಗೆ

ಪ್ಲೇಟನ್ನು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ. ಒಂದರ ಮೇಲೊಂದು ಪೇರಿಸಿದರೆ ಬಾಗುತ್ತದೆ. ತಗಡಿನ ಮನೆಯ ಅಟ್ಟ, ಬಿಸಿಲಿಗೆ ನಿಂತ ಕಾರು ಎರಡೂ ವೈರಿಗಳು. ವಿನೈಲನ್ನು ಮೆದು ಸೋಪಿನ ನೀರಿನ ಬಟ್ಟೆಯಿಂದ ಗೆರೆಯ ಗುಂಟ ಒರೆಸಿ, ಚೀಟಿ ನೆನೆಯದಿರಲಿ. 78ರ ಪ್ಲೇಟಿಗೆ ಸ್ಪಿರಿಟ್ ತಾಗಿಸಲೇಬೇಡಿ, ಅರಗು ಕರಗುತ್ತದೆ.

ಕ್ಯಾಸೆಟ್ಟಿನ ಗಾಳಿ

1978ರಲ್ಲಿ ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಕ್ಯಾಸೆಟ್ಟಾಗಿ ಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂಬ ಕೀರ್ತಿ ಅದರದು. 1980ರ ದಶಕ ನಡೆದಂತೆ ಕ್ಯಾಸೆಟ್ಟು ಹತ್ತು ಹದಿನೈದು ರೂಪಾಯಿಗೆ ಇಳಿಯಿತು. ಒಂದರಲ್ಲಿ ಹದಿನಾರು ಹಾಡು, ಬಿದ್ದರೂ ಒಡೆಯದು, ಚಕ್ಕಡಿ ಕುಲುಕಿದರೂ ಹಾರದು. ಮಾಮಾ ಎರಡು ವರ್ಷ ಜಗ್ಗಿದ. ಮೂರನೆಯ ವರ್ಷ ಪ್ಲೇಯರು ಮಾರಿ ಟೇಪು ತಂದ.

ಅವನ ಜತೆಗಾರರು ಕೆಲವರು ಪ್ಲೇಟನ್ನು ಬಿಸಿನೀರಿಗೆ ಅದ್ದಿ ಬಟ್ಟಲು ಮಾಡಿದರು. ಕೆಲವರು ಹುಡುಗರಿಗೆ ಆಟಕ್ಕೆ ಕೊಟ್ಟರು. ಇವನು ಲುಂಗಿಯಲ್ಲಿ ಸುತ್ತಿಟ್ಟ. ಯಾಕೆಂದು ಕೇಳಿದರೆ, "ಬಾಡಿಗಿ ಬಾಕಿ ಐತಿ ಇವುಗಳ ಮ್ಯಾಲೆ. ಇರಕಲ್ಲಗಡದಾಂವ ಇನ್ನೂ ಕೊಟ್ಟಿಲ್ಲ" ಎಂದ.

ನಾಲ್ಕು ಸೆಕೆಂಡು

ಟ್ರಂಕಿನಲ್ಲಿ ಎಲ್ಲಕ್ಕಿಂತ ಸವೆದದ್ದು 1976ರ 'ನಾ ನಿನ್ನ ಮರೆಯಲಾರೆ' ಚಿತ್ರದ ಪ್ಲೇಟು. ರಾಜನ್-ನಾಗೇಂದ್ರ ಸಂಗೀತ. ಚರಣದ ನಡುವೆ ಒಂದು ಅಡ್ಡಗೀರು, ಹುಲಿಗಿ ಜಾತ್ರೆಯದ್ದು. ಅಲ್ಲಿಗೆ ಬಂದಾಗ ಮುಳ್ಳು ಟಣ್ಣನೆ ಹಾರುತ್ತದೆ. 45 ಸುತ್ತಿನ ಪ್ಲೇಟಿನಲ್ಲಿ ಒಂದು ಗೆರೆ ಎಂದರೆ 1.33 ಸೆಕೆಂಡು. ಮೂರು ಗೆರೆ ಹಾರಿದರೆ ನಾಲ್ಕು ಸೆಕೆಂಡು, ಹೆಚ್ಚುಕಡಿಮೆ ಹಾಡಿನ ಒಂದು ಸಾಲು. ಹತ್ತಿಪ್ಪತ್ತು ಹಳ್ಳಿಗಳ ಮದುವೆಗಳಲ್ಲಿ ಆ ಸಾಲಿಲ್ಲದೆಯೇ ಆ ಹಾಡು ಮೊಳಗಿದೆ. ನಮ್ಮ ಅತ್ತೆ ಇಂದಿಗೂ ರೊಟ್ಟಿ ತಟ್ಟುತ್ತ ಅದನ್ನು ಗುನುಗಿದರೆ ಅಲ್ಲೊಂದು ಸಣ್ಣ ಜಿಗಿತ.

ಬೆಂಗಳೂರಿಗೆ ಹೋದಾಗ ಅದೇ ಪ್ಲೇಟಿನ ಗೀರಿಲ್ಲದ ಪ್ರತಿ ಸಿಕ್ಕಿತು. ಕವರು ಸಮೇತ. ಕೊಟ್ಟ ದುಡ್ಡು ಎಷ್ಟೆಂದು ಮನೆಯಲ್ಲಿ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಒಂದು ಸಣ್ಣ ಪ್ಲೇಯರು ಹೊತ್ತು ಮತ್ತೆ ಹಿಟ್ನಾಳಕ್ಕೆ ಹೋದೆ.

ಮಾಮಾ ಕಣ್ಣು ಮುಚ್ಚಿ ಕೂತ. ಅತ್ತೆ ಒಲೆ ಸಣ್ಣ ಮಾಡಿ ಬಾಗಿಲಿಗೆ ಬಂದು ನಿಂತಳು. ಹಾಡು ಶುಭ್ರವಾಗಿ ಹರಿಯಿತು, ಚರಣಕ್ಕೆ ಬಂತು, ಹಾರುವ ಜಾಗಕ್ಕೆ ಬಂತು. ಮಾಮಾನ ತೋರುಬೆರಳು ತಾನಾಗಿ ಮೇಲೆದ್ದಿತು. ಮುಳ್ಳು ಹಾರಲಿಲ್ಲ. ಅವನು ಕಣ್ಣು ಬಿಟ್ಟು ನನ್ನನ್ನೇ ನೋಡಿದ.

"ಲೇ ತಮ್ಮಾ, ಯಾವ ಅಂಗಡ್ಯಾಗ ತಂದಿ ಇದನ್ನ? ಒಂದು ಸಾಲು ಹೆಚ್ಚಿಗಿ ಐತಿ."